ಪಾರ್ಕಿನ ಸಾಮ್ರಾಜ್ಞಿ

ಚಂದ್ರಾ ಲೇಔಟಿನ ಪಾರ್ಕ್ ಗೇಟಿಗೆ ಕಟ್ಟಿದ್ದ ಫ್ಲೆಕ್ಸಿನಲ್ಲಿ ಹೇಮಶ್ರೀಯ ಮುಖಕ್ಕಿಂತ ಏರಿಯಾದ ಮುಖಂಡರ ಮೀಸೆಯೇ ದೊಡ್ಡದಾಗಿತ್ತು. ಮೇಲೆ ಕೆಂಪು ಅಕ್ಷರದಲ್ಲಿ ‘ಟೆನಿಸ್ ಸಾಮ್ರಾಜ್ಞಿಗೆ ಹಾರ್ದಿಕ ಅಭಿನಂದನೆಗಳು’ ಎಂದಿತ್ತು. ಕೆಳಗೆ ವಾಕರ್ಸ್ ಅಸೋಸಿಯೇಷನ್ನಿನ ಪದಾಧಿಕಾರಿಗಳು ಸಾಲಾಗಿ, ಒಬ್ಬೊಬ್ಬರೂ ತಲೆತುಂಬ ಕೂದಲಿದ್ದ ಕಾಲದ ಫೋಟೋದಲ್ಲಿ, ಹಲ್ಲು ಕಿರಿಯುತ್ತಿದ್ದರು. ಸಾಮ್ರಾಜ್ಞಿಯಂತೆ! ಹೇಮಶ್ರೀಗೆ ನಗುವೂ ಬರಲಿಲ್ಲ. ಈ ಸಾಮ್ರಾಜ್ಞಿ ಮೊನ್ನೆ ಭಾನುವಾರ ತಾನೇ ಸೋತು, ಕಿಟ್ ಬ್ಯಾಗು ಹೊತ್ತು, ಮೆಟ್ರೋದಲ್ಲಿ ನಿಂತುಕೊಂಡೇ ಮನೆಗೆ ಬಂದವಳು.

ಸೋತದ್ದು ಕ್ವಾಲಿಫೈಯಿಂಗ್‌ನ ಕೊನೆಯ ಸುತ್ತಿನಲ್ಲಿ. ಊರಿನಲ್ಲಿ ನಡೆಯುತ್ತಿದ್ದ ಆ ದೊಡ್ಡ ಟೂರ್ನಿಯಲ್ಲಿ ಒಳ್ಳೆಯ ರ‍್ಯಾಂಕ್ ಇದ್ದವರು ನೇರವಾಗಿ ಮುಖ್ಯ ಸುತ್ತಿಗೆ ಹೋಗುತ್ತಾರೆ. ಹೇಮಶ್ರೀಯಂಥವರು ಮೊದಲು ಎರಡು ಮ್ಯಾಚ್ ಗೆದ್ದು ಒಳಗೆ ಬರಬೇಕು. ಅವಳು ಒಂದು ಗೆದ್ದಳು, ಒಂದು ಸೋತಳು, ಅಷ್ಟೇ. ಆದರೆ ಗೋವಿಂದರಾಜನಗರದಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದ ಅವಳ ಅಪ್ಪ ಜಂಬಣ್ಣ, ಮೊದಲನೆಯದು ಗೆದ್ದ ಸಂಜೆಯೇ ಪಾರ್ಕಿನಲ್ಲಿ ತುತ್ತೂರಿ ಊದಿಬಿಟ್ಟಿದ್ದ. ವಾಕಿಂಗಿನವರಿಗೆ ಇನ್ನೇನು ಬೇಕು? ಅವರ ಹೊಟ್ಟೆ ಕರಗದಿದ್ದರೂ ಚಿಂತೆಯಿಲ್ಲ, ತಿಂಗಳಿಗೊಬ್ಬರಿಗೆ ಶಾಲು ಹೊದಿಸದಿದ್ದರೆ ಉಂಡ ಅನ್ನ ಜೀರ್ಣವಾಗುವುದಿಲ್ಲ. ಹೋದ ತಿಂಗಳು ಯಾರೂ ಸಿಗದೆ, ಮಂಡಿ ಆಪರೇಷನ್ ಮಾಡಿಸಿಕೊಂಡು ವಾಪಸ್ ಬಂದದ್ದಕ್ಕೇ ಒಬ್ಬರಿಗೆ ಸನ್ಮಾನ ಮಾಡಿ ಕಳಿಸಿದ್ದರು.

ಸೋಮವಾರ ಸಂಜೆ ಹೇಮಶ್ರೀ ಅಪ್ಪನ ಮುಂದೆ ನಿಂತು ಹೇಳಿದ್ದಳು. “ಅಪ್ಪಾ, ನಾನು ಸೋತಿದೀನಿ. ಸನ್ಮಾನ ಗಿನ್ಮಾನ ಬೇಡ ಅಂತ ಹೇಳ್ಬಿಡಿ.”

“ಸೋತಿದ್ದು ಯಾರಿಗೆ ಗೊತ್ತಮ್ಮ? ಫ್ಲೆಕ್ಸ್ ಪ್ರಿಂಟ್ ಆಗಿದೆ. ಪೇಟ, ಶಾಲು, ಹಣ್ಣಿನ ಬುಟ್ಟಿ, ಎಲ್ಲ ತಂದಿಟ್ಟಿದಾರೆ.”

“ನಾಳೆ ಬೆಳಿಗ್ಗೆ ನಾನು ಸ್ಟೇಡಿಯಂನಲ್ಲಿ ಇರ್ಬೇಕು.”

“ಸೋತ್ಮೇಲೆ ಅಲ್ಲೇನು ಕೆಲ್ಸ ನಿಂಗೆ?”

ಅವಳು ಬಿಡಿಸಿ ಹೇಳಿದಳು. ಮುಖ್ಯ ಸುತ್ತಿನ ಆಟಗಾರ್ತಿ ಯಾರಾದರೂ ಜ್ವರ ಬಂದೋ, ಕಾಲು ಉಳುಕಿಯೋ ಹಿಂದೆ ಸರಿದರೆ ಆ ಜಾಗ ಕ್ವಾಲಿಫೈಯಿಂಗ್‌ನ ಕೊನೆಯ ಸುತ್ತಿನಲ್ಲಿ ಸೋತವರಿಗೆ ಸಿಗುತ್ತದೆ. ಅವರಿಗೆ ಲಕ್ಕಿ ಲೂಸರ್ ಎನ್ನುತ್ತಾರೆ. ಸೋತವರಲ್ಲಿ ಯಾರ ರ‍್ಯಾಂಕ್ ಮೇಲಿದೆಯೋ ಅವರಿಗೆ ಮೊದಲು. ಆದರೆ ದಿನಾ ಬೆಳಿಗ್ಗೆ ಆಟ ಶುರುವಾಗುವ ಮುಂಚೆ ಖುದ್ದಾಗಿ ಹೋಗಿ ಸೈನ್ ಮಾಡಬೇಕು. ಮಾಡದಿದ್ದರೆ ಎಷ್ಟು ದೊಡ್ಡ ರ‍್ಯಾಂಕ್ ಇದ್ದರೂ ಲೆಕ್ಕಕ್ಕಿಲ್ಲ. ಸೋತವರಲ್ಲೆಲ್ಲ ಹೇಮಶ್ರೀಯದೇ ಮೇಲಿನ ರ‍್ಯಾಂಕು. ಸೋಮವಾರ ಸೈನ್ ಮಾಡಿ ದಿನವಿಡೀ ಕಾದಿದ್ದಳು, ಯಾರೂ ಹಿಂದೆ ಸರಿದಿರಲಿಲ್ಲ. ಮೊದಲ ಸುತ್ತು ಮಂಗಳವಾರಕ್ಕೆ ಮುಗಿಯುತ್ತಿತ್ತು. ಇದ್ದದ್ದು ಅದೊಂದೇ ದಿನ.

ಜಂಬಣ್ಣ ಮೂಗು ಮುರಿದ. “ಲಕ್ಕಿ ಲೂಸರ್ ಅಂತೆ! ಸೋತೋರ ಸಾಲಲ್ಲಿ ಕೂತ್ಕೊಂಡು ಯಾರ ಕಾಲು ಮುರಿಯುತ್ತೆ ಅಂತ ಕಾಯೋದಾ? ಥೂ, ಮಾನ ಇದ್ಯಾ ಇದಕ್ಕೆ?”

ಆಹಾ, ಮಾನವಂತ! ಸೋತ ಮಗಳಿಗೆ ಗೆದ್ದವಳೆಂದು ಪೇಟ ತೊಡಿಸುವುದು ಮಾನ. ನಿಯಮದ ಪ್ರಕಾರ ಬರುವ ಅವಕಾಶಕ್ಕೆ ಕಾಯುವುದು ಮಾನಗೇಡು. ಇದೇ ಮನುಷ್ಯ ಯುಗಾದಿಯ ದಿನ ಒಬ್ಬಟ್ಟು ತಿನ್ನುತ್ತಾ ಕಡ್ಡಿ ಮುರಿದಂತೆ ಹೇಳಿದ್ದ, ಈ ಟೂರ್ನಿಯಲ್ಲಿ ಮುಖ್ಯ ಸುತ್ತು ಆಡದಿದ್ದರೆ ಆಟ ಸಾಕು, ರ‍್ಯಾಕೆಟ್ ಅಟ್ಟಕ್ಕೆ, ನೀನು ಅಂಗಡಿಯ ಕೌಂಟರಿಗೆ ಎಂದು. ಆಡಿದ ಮಾತಿನಿಂದ ಅವನು ಹಿಂದೆ ಸರಿದವನಲ್ಲ. ಮಗಳ ಬದುಕು ಈಗ ಒಂದು ಸೈನ್‌ಗೆ ಬಂದು ನಿಂತಿದೆ ಎಂಬುದು ಮಾತ್ರ ಆ ತಲೆಗೆ ಹೊಳೆಯಲಿಲ್ಲ.

“ಏಳಕ್ಕೆ ಶುರು ಮಾಡಿ ಏಳೂವರೆಗೆ ಮುಗಿಸ್ತಾರೆ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದ್ರೆ ಎಷ್ಟೊತ್ತು? ನೀನು ಬರ್ಲಿಲ್ಲ ಅಂದ್ರೆ ನಾನು ಆ ಪಾರ್ಕಿಗೆ ಇನ್ನು ಕಾಲಿಡೋ ಹಾಗಿಲ್ಲ,” ಎಂದು ಜಂಬಣ್ಣ ಮುಖ ಜೋಲು ಹಾಕಿದ. ಕೋರ್ಟಿನಲ್ಲಿ ಅಂಪೈರ್ ಮೇಲೆ ಜಗಳಕ್ಕೆ ನಿಲ್ಲುವ ಹುಡುಗಿ, ಆ ಜೋಲು ಮುಖಕ್ಕೆ ಸೋತು ಹೂಂ ಎಂದಳು.

ಹಾಗೆ ಮಂಗಳವಾರ ಬೆಳಿಗ್ಗೆ ಏಳಕ್ಕೆ ಕಿಟ್ ಬ್ಯಾಗು ಹೆಗಲಿಗೇರಿಸಿ ಪಾರ್ಕಿಗೆ ಬಂದಳು. ಅಸೋಸಿಯೇಷನ್ ಅಧ್ಯಕ್ಷ ಶ್ಯಾಮಸುಂದರ, ರಿಟೈರ್ಡ್ ಆಫೀಸರು, ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಮೈಕಿಗೆ ‘ಹಲೋ ಹಲೋ’ ಎಂದು ಊದುತ್ತಿದ್ದರು. ಕುರ್ಚಿಗಳು ಬಂದಿದ್ದವು, ಶಾಲು ಬಂದಿತ್ತು, ಉಪ್ಪಿಟ್ಟು ಕೇಸರಿಭಾತಿನ ಡಬ್ಬಿಗಳೂ ಬಂದಿದ್ದವು. ಬರದೇ ಇದ್ದವರು ಮೀಸೆಯ ಮುಖಂಡರೊಬ್ಬರೇ. ಕೆಂಗೇರಿ ಬಿಟ್ಟಿದ್ದಾರೆ ಎಂದರು. ಸ್ವಲ್ಪ ಹೊತ್ತಿನ ಮೇಲೆ ಕೇಳಿದರೆ, ಈಗ ಬಿಡುತ್ತಿದ್ದಾರೆ ಎಂದರು. ಹೊತ್ತು ಹೋಗಲೆಂದು ನಗೆಕೂಟದವರು ಎದ್ದು, ಎರಡೂ ಕೈ ಮೇಲೆತ್ತಿ, ಯಾವ ಜೋಕೂ ಇಲ್ಲದೆ ‘ಹೋ ಹೋ ಹಾ ಹಾ’ ಎಂದು ನಗತೊಡಗಿದರು. ಹೇಮಶ್ರೀ ಆ ತೆರೆದ ಬಾಯಿಗಳನ್ನು ನೋಡುತ್ತಾ ಒಳಗೊಳಗೇ ಹಲ್ಲು ಕಡಿದಳು.

ಎಂಟೂವರೆ ದಾಟಿದಾಗ ತಡೆಯಲಾರದೆ ಅಧ್ಯಕ್ಷರ ಬಳಿ ಹೋದಳು. “ಸಾರ್, ಒಂಬತ್ತೂವರೆ ಒಳಗೆ ನಾನು ಸ್ಟೇಡಿಯಂನಲ್ಲಿ ಸೈನ್ ಮಾಡ್ಬೇಕು. ದಯವಿಟ್ಟು ನೀವೇ ಶಾಲು ಹೊದಿಸ್ಬಿಡಿ.”

“ನಾನು ಹೊದಿಸಿದ್ರೆ ಏನ್ ಬೆಲೆ ಮಗು? ಪೇಪರ್‌ನೋರು ಹಾಕ್ತಾರಾ?” ಶ್ಯಾಮಸುಂದರ ವಾತ್ಸಲ್ಯದಿಂದ ನಕ್ಕರು. “ಸೈನ್ ತಾನೆ? ಅದಕ್ಯಾಕೆ ಇಷ್ಟು ಟೆನ್ಷನ್? ನಾನು ಸರ್ವಿಸ್ ಪೂರ್ತಿ ಹನ್ನೊಂದಕ್ಕೆ ಹೋಗಿ ಹತ್ತು ಗಂಟೆ ಅಂತ ಸೈನ್ ಹಾಕಿದೀನಿ. ಯಾರಿಗಾದ್ರೂ ಒಂದು ಫೋನ್ ಮಾಡಿ, ಜಾಗ ಬಿಟ್ಟಿರಿ ಅಂತ ಹೇಳು.”

ಜಂಬಣ್ಣನೂ ತಲೆ ಹಾಕಿದ. “ಹೌದಮ್ಮ, ಸಾರ್ ಹೇಳಿದ್ದು ಕರೆಕ್ಟು. ನಿನ್ನ ಫ್ರೆಂಡ್ ಮೇಧಾ ಅಲ್ಲೇ ಇರ್ತಾಳಲ್ಲ, ನಿನ್ನ ಸೈನೂ ಅವಳೇ ಹಾಕ್ಲಿ.”

ಜಗತ್ತೆಲ್ಲ ತಮ್ಮ ಆಫೀಸಿನ ಹಾಜರಿ ಪುಸ್ತಕದಂತೆಯೇ ನಡೆಯುತ್ತದೆ ಎಂದು ನಂಬಿ ಪೆನ್ಷನ್ ತಿನ್ನುತ್ತಿರುವ ಜನ! ಹೇಮಶ್ರೀ ಬ್ಯಾಗು ಎತ್ತಿಕೊಂಡು ಗೇಟಿನ ಕಡೆ ಹೊರಟಳು. ಜಂಬಣ್ಣ ಓಡಿ ಬಂದು ಬ್ಯಾಗಿನ ಪಟ್ಟಿ ಹಿಡಿದುಕೊಂಡ. “ಇಷ್ಟು ಜನರ ಮುಂದೆ ನನ್ನ ಮುಖಕ್ಕೆ ಮಸಿ ಬಳೀಬೇಡ ಕಣೇ. ಕೈ ಮುಗೀತೀನಿ.” ನಿಜವಾಗಿಯೂ ಕೈ ಮುಗಿದ. ಆ ಹೊತ್ತಿಗೆ ಸರಿಯಾಗಿ ಹೊರಗೆ ಕಾರುಗಳ ಹಾರ್ನ್ ಕೇಳಿಸಿತು, ಮುಖಂಡರು ಬಂದರು, ಜನ ಅವರ ಸುತ್ತ ಮುತ್ತಿಕೊಂಡರು, ಯಾರೋ ಅವಳ ರಟ್ಟೆ ಹಿಡಿದು ವೇದಿಕೆಯ ಕುರ್ಚಿಯಲ್ಲಿ ಕೂರಿಸಿದರು.

ಮುಖಂಡರು ಭಾಷಣಕ್ಕೆ ನಿಂತರು. ಚರಂಡಿ ರಿಪೇರಿಯಿಂದ ಶುರು ಮಾಡಿ, ಬೀದಿದೀಪಕ್ಕೆ ಬಂದು, ಅಲ್ಲಿಂದ ದೇಶದ ಗಡಿಗೆ ಹೋಗಿ, ಕೊನೆಗೆ ಹೇಮಶ್ರೀಯ ಕಡೆ ತಿರುಗಿ, “ಕಾಕ್ ಹೊಡೆಯೋ ಈ ಪುಟ್ಟ ಕೈಗಳು ನಾಳೆ ಒಲಿಂಪಿಕ್ಸ್ ಕಪ್ ಎತ್ತುತ್ತವೆ” ಎಂದು ಗಂಟಲು ಹರಿದುಕೊಂಡರು. ಕಾಕ್! ಕೊಟ್ಟ ಸ್ಮರಣಿಕೆಯ ಮೇಲೆ ನಿಂತಿದ್ದ ಚಿನ್ನದ ಬಣ್ಣದ ಗೊಂಬೆಯೂ ಬ್ಯಾಡ್ಮಿಂಟನ್ನೇ ಆಡುತ್ತಿತ್ತು. ಪೇಟ ದೊಡ್ಡದಾಗಿ ಅವಳ ಕಿವಿಯವರೆಗೂ ಇಳಿಯಿತು. ಕೆಳಗೆ ಕೂತವರು ಭಾಷಣ ಕೇಳುತ್ತಿರಲಿಲ್ಲ, ಕೇಸರಿಭಾತಿನ ಡಬ್ಬಿಯ ಕಡೆ ನೋಡುತ್ತಿದ್ದರು.

ಫೋನ್ ನಡುಗಿತು. ಮೇಧಾ. ಭಾನುವಾರ ಅವಳ ಹಾಗೆಯೇ ಸೋತ, ರ‍್ಯಾಂಕಿನಲ್ಲಿ ಅವಳಿಗಿಂತ ಒಂದು ಮೆಟ್ಟಿಲು ಕೆಳಗಿದ್ದ ಬಸವೇಶ್ವರನಗರದ ಗೆಳತಿ. ಹೇಮಶ್ರೀ ಎದ್ದು ವೇದಿಕೆಯ ಹಿಂದೆ ಹೋಗಿ ಫೋನ್ ಕಿವಿಗಿಟ್ಟಳು.

“ಎಲ್ಲಿ ಸತ್ತಿದೀಯೇ? ನಿನ್ನೆಯಿಂದ ಕಾದಿದ್ದು ಇದಕ್ಕೇ ತಾನೆ? ಫಸ್ಟ್ ಮ್ಯಾಚ್ ಹುಡುಗಿ ವಾರ್ಮ್ ಅಪ್‌ನಲ್ಲಿ ಬೆನ್ನು ಹಿಡ್ಕೊಂಡು ಕೂತ್ಬಿಟ್ಲು. ಆಡಲ್ಲ ಅಂತ ಬರ್ಕೊಟ್ಲು.”

“ಸೈನ್ ಮಾಡೋ ಟೈಮ್?”

“ಮುಗೀತು ಕಣೇ. ನಾನು ಬಾಗ್ಲಲ್ಲೇ ನಿಂತು ಕಾದೆ. ಸ್ವಲ್ಪ ಇರಿ ಅಂತ ಅವರನ್ನೂ ಕೇಳ್ದೆ, ಒಪ್ಲಿಲ್ಲ.” ಮೇಧಾ ತಡೆದು ತಡೆದು ಹೇಳಿದಳು. “ನೀನಿಲ್ಲ ಅಂತ ನನ್ನ ಕರೆದ್ರು. ಈಗ ಕೋರ್ಟಿಗೆ ಹೋಗ್ತಾ ಇದೀನಿ. ಬೈಕೋಬೇಡ ಹೇಮಾ.”

“ಚೆನ್ನಾಗಿ ಆಡು,” ಎಂದಳು ಹೇಮಶ್ರೀ.

ವೇದಿಕೆಯ ಮೇಲೆ ಶ್ಯಾಮಸುಂದರ ಅವಳ ಹೆಸರು ಕೂಗುತ್ತಿದ್ದರು. “ಈಗ ನಮ್ಮ ಚಾಂಪಿಯನ್ ಎರಡು ಮಾತಾಡ್ತಾರೆ!” ಹೇಮಶ್ರೀ ಹೋಗಿ ಮೈಕ್ ಹಿಡಿದಳು. ದನಿ ತಣ್ಣಗೆ ಬಂತು.

“ನಾನು ಚಾಂಪಿಯನ್ ಅಲ್ಲ. ಭಾನುವಾರ ಸೋತಿದೀನಿ. ಇವತ್ತು ಇನ್ನೊಂದು ಅವಕಾಶ ಇತ್ತು, ಒಂದು ಸೈನ್ ಹಾಕಿದ್ರೆ ಈಗ ಕೋರ್ಟಲ್ಲಿ ಇರ್ತಿದ್ದೆ. ನೀವೆಲ್ಲ ಸೇರಿ ನನ್ನ ಇಲ್ಲಿ ಕೂರಿಸ್ಕೊಂಡ್ರಿ. ಆ ಜಾಗ ಬೇರೆಯವರಿಗೆ ಹೋಯ್ತು. ನನ್ನ ಆಟ ಇಲ್ಲಿಗೆ ಮುಗೀತು.”

ಡಬ್ಬಿಯ ಕಡೆ ನೋಡುತ್ತಿದ್ದವರೂ ಅವಳ ಕಡೆ ತಿರುಗಿದರು. ಅರ್ಥವಾಯಿತೇನೋ ಎಂದುಕೊಂಡಳು. ಆಗ ಮುಖಂಡರು ಎದ್ದು ಚಪ್ಪಾಳೆ ತಟ್ಟಿದರು. “ನೋಡಿ, ನೋಡಿ! ಇಷ್ಟು ಸಾಧನೆ ಮಾಡಿದ್ರೂ ಎಂಥ ವಿನಯ! ಈಗಿನ ಮಕ್ಕಳು ಇದನ್ನ ಕಲೀಬೇಕು.” ಶ್ಯಾಮಸುಂದರ ತಟ್ಟಿದರು, ನಗೆಕೂಟ ತಟ್ಟಿತು, ಪಾರ್ಕಿಗೆ ಪಾರ್ಕೇ ತಟ್ಟಿತು. ಅಷ್ಟು ಜನರಲ್ಲಿ ಅವಳ ಮಾತು ಕಿವಿಗೆ ಬಿದ್ದದ್ದು ಜಂಬಣ್ಣ ಒಬ್ಬನಿಗೆ. ಅವನ ಮುಖ ಸಣ್ಣಗಾದದ್ದನ್ನು ಅವಳು ಕಣ್ಣಾರೆ ಕಂಡಳು. ಆದರೂ ಅವನು ಸುತ್ತ ನೋಡಿದ, ಎಲ್ಲರೂ ತಟ್ಟುತ್ತಿದ್ದುದನ್ನು ಕಂಡ, ತಾನೂ ತಟ್ಟಿದ.

ತಟ್ಟುತ್ತಲೇ ವೇದಿಕೆ ಹತ್ತಿ ಅವಳ ಪಕ್ಕಕ್ಕೆ ಬಂದ. “ಹೋದ್ರೆ ಹೋಗ್ಲಿ ಬಿಡು,” ಎಂದ, ಬೇರೆ ಯಾರಿಗೂ ಕೇಳಿಸದಂತೆ. “ನಾಳೆಯಿಂದ ಅಂಗಡಿ ಇದೆಯಲ್ಲ. ಪೇಟ ಸರಿ ಮಾಡ್ಕೋ, ಫೋಟೋ ತೆಗೀತಾರೆ.”

ಮುಖಂಡರು ಒಂದು ಪಕ್ಕ, ಅಧ್ಯಕ್ಷರು ಇನ್ನೊಂದು ಪಕ್ಕ ಒತ್ತರಿಸಿಕೊಂಡು ನಿಂತರು. ಥೂ, ನಿಮ್ಮ ಜನ್ಮಕ್ಕಿಷ್ಟು, ಎಂದು ಹೇಮಶ್ರೀ ಮನಸ್ಸಿನಲ್ಲೇ ಉಗಿದಳು. ಅಷ್ಟರಲ್ಲಿ ಅವಳ ಕೈ ತಾನಾಗಿ ಮೇಲೆದ್ದು ಕಿವಿಯ ಮೇಲೆ ಜಾರಿದ್ದ ಪೇಟವನ್ನು ನೆಟ್ಟಗೆ ಮಾಡಿತ್ತು. ಅಲ್ಲಿದ್ದ ಅಷ್ಟೂ ಜನರ ಮೇಲೆ ಹುಟ್ಟದಷ್ಟು ಹೇಸಿಗೆ ಅವಳಿಗೆ ಆ ಕೈಯ ಮೇಲೆ ಹುಟ್ಟಿತು.