ಹಾಲೇಶಪ್ಪನ ಪ್ಯಾಕಿಂಗ್

"ಬಂದ್ ಮಾಡ್ರಿ ಇಂಜಿನ್ನು!"

ಸುಮಲತಾ ಟ್ರ್ಯಾಕ್ಟರಿನ ಮೂತಿಗೆ ಅಡ್ಡಲಾಗಿ ನಿಂತುಬಿಟ್ಟಳು. ಭಜನೆಯವರ ತಾಳ ನಿಂತಿತು. ಹಿಂದಿನ ಟ್ರೇಲರಿನಲ್ಲಿ, ಹೂವಿನ ಮಂಟಪದೊಳಗೆ, ಹಣೆತುಂಬ ವಿಭೂತಿ ಬಳಿಸಿಕೊಂಡು ತೀರಿಕೊಂಡ ಅವಳ ಅಪ್ಪ ಹಾಲೇಶಪ್ಪ ಕೂತಿದ್ದ. ಕೂಡ್ಲಿಗಿಯಲ್ಲಿ ಮೂವತ್ತೈದು ವರ್ಷ ಇಂಜಿನ್ನು ಬಿಚ್ಚಿ ಜೋಡಿಸಿದ ಮೇಸ್ತ್ರಿ. ಅವನನ್ನು ಒಯ್ಯುತ್ತಿದ್ದ ಟ್ರ್ಯಾಕ್ಟರಿನ ಇಂಜಿನ್ ಕವರಿನ ಅಂಚಿನಿಂದ ಎಣ್ಣೆ ಇಳಿದು, ಕಾದ ಸೈಲೆನ್ಸರಿಗೆ ತಾಗಿ ಹೊಗೆಯೇಳುತ್ತಿತ್ತು.

"ಏನಾತವ್ವ?" ಸೀಟಿನ ಮೇಲಿದ್ದ ಗವಿಸಿದ್ದೇಶ್ ಕೇಳಿದ. ಗಾಡಿ ಅವನದೇ.

"ಸೋರಾಕತ್ತೈತಿ. ಕಾಣವಲ್ದೇನ್ರಿ?"

"ಎಲ್ಲಾ ಗಾಡೀನೂ ಒಂದೀಟು ಸೋರ್ತಾವ. ಹೋದ ವಾರ ಗಂಗಾಧರನೇ ಸೋರದಂಗ ಕವರಿಗೆ ಪ್ಯಾಕಿಂಗ್ ಹಾಕ್ಯಾನ. ಹೊತ್ತು ಮೀರ್ತೈತಿ, ದಾರಿ ಬಿಟ್ಟು ಸರಿ."

"ನಮ್ಮಪ್ಪ ಸೋರೋ ಗಾಡ್ಯಾಗ ಹೋಗಂಗಿಲ್ಲ."

ಗಂಗಾಧರ್ ಜನರ ನಡುವಿನಿಂದ ಮುಂದೆ ಬಂದ. ಹಾಲೇಶಪ್ಪನ ಕೈಕೆಳಗೆ ಒಂಬತ್ತು ವರ್ಷ ಕಲಿತವನು. ಬೆಳಿಗ್ಗೆಯಿಂದ ಎಲ್ಲರಿಗಿಂತ ಜೋರಾಗಿ ಅತ್ತವನೂ ಅವನೇ. ಬಂದಬಂದವರಿಗೆಲ್ಲ, "ದೇವರಂಥ ಗುರುಗಳು. ಕೊನಿಕೊನಿಗೆ ಕೈ ತಪ್ತಿತ್ತು, ಅಷ್ಟ" ಎನ್ನುತ್ತಿದ್ದ. ಸುಮಲತಾ ಪ್ರತಿ ಸಲವೂ ಅದನ್ನು ಕೇಳಿಸಿಕೊಂಡಿದ್ದಳು.

*

ನಾಲ್ಕು ವರ್ಷದ ಹಿಂದೆ ಗವಿಸಿದ್ದೇಶನ ಹಳೆಯ ಟ್ರ್ಯಾಕ್ಟರಿನ ಇಂಜಿನ್ನು ಉಳುಮೆಯ ನಡುವೆ ಜಾಮ್ ಆಗಿತ್ತು. ಹಾಲೇಶಪ್ಪನ ಶೆಡ್ಡಿಗೆ ತಂದು ಬಿಚ್ಚಿದಾಗ ಎಣ್ಣೆ ಸೋಸುವ ಜಾಲರಿಯ ತುಂಬ ಒಣಗಿದ ಕೆಂಪು ಗಮ್ಮಿನ ಚೂರು. ಹಿಂದಿನ ಸಲದ ರಿಪೇರಿಯಲ್ಲಿ ಕವರ್ ಕೂರಿಸಿದ್ದು ಗಂಗಾಧರ್. ಕವರಿನಡಿಯ ಹಳೆಯ ರಟ್ಟಿನ ಪ್ಯಾಕಿಂಗ್ ಕೆರೆಯಲು ಬೇಸರವಾಗಿ, ಅದರ ಮೇಲೇ ಗಮ್ಮು ಮೆತ್ತಿದ್ದ. ಹೆಚ್ಚಾದದ್ದು ಒಳಗೆ ಉದುರಿ, ಎಣ್ಣೆಯ ದಾರಿ ಕಟ್ಟಿತ್ತು.

"ಗಮ್ಮು ಸೋಮಾರಿಗಳಿಗಲೇ" ಎಂದು ಹಾಲೇಶಪ್ಪ ಎಷ್ಟು ಸಲ ಬೈದಿದ್ದನೋ. "ಕೆರಿ, ಒರಸು, ಎದುರುಬದರು ಬೋಲ್ಟು ಒಂದೊಂದೀಟ ಬಿಗಿ. ತಾನ ಕುಂದರ್ತೈತಿ."

ಆದರೆ ಆ ದಿನ ಬೈಯಲಿಲ್ಲ. ಚೂರುಗಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಗವಿಸಿದ್ದೇಶನಿಗೆ "ನನ್ನ ಕೈ ತಪ್ಪಾತಪ್ಪ" ಎಂದುಬಿಟ್ಟ.

ಸುಮಲತಾ ಸಿಡಿದಳು. "ಯಾಕ ಸುಳ್ಳು ಹೇಳ್ದಿ?"

"ಅವನ ಮದುವಿ ಗೊತ್ತಾಗೇತಿ. ಈಗ ಹೆಸರು ಕೆಟ್ರ ಯಾರು ಕರೀತಾರ ಅವನ್ನ? ನೀನೂ ಬಾಯಿ ಬಿಡಬ್ಯಾಡ. ನನ್ನ ಮ್ಯಾಲಾಣಿ."

ಮದುವೆಯಾದ ಮರುತಿಂಗಳೇ ಗಂಗಾಧರ್ ರಸ್ತೆಯಾಚೆ ತನ್ನ ಗ್ಯಾರೇಜು ತೆರೆದ. ಗವಿಸಿದ್ದೇಶ್ ಕೊಟ್ಟೂರಿನವರೆಗೂ ಹಾಲೇಶಪ್ಪನ ಕೈ ಕೆಟ್ಟ ಸುದ್ದಿ ಹಬ್ಬಿಸಿದ. ಗಾಡಿಗಳು ಆಚೆ ಹೋದವು. ಅಪ್ಪ ಒರೆಸಿದ ಪಾನಾ-ಸ್ಪ್ಯಾನರುಗಳನ್ನೇ ಮತ್ತೆ ಒರೆಸುತ್ತ ಕೂತ. ಆ ಒಳ್ಳೆಯತನವನ್ನು ಅವಳು ಇನ್ನೂ ಕ್ಷಮಿಸಿರಲಿಲ್ಲ.

*

"ಬಿಚ್ಚು" ಎಂದಳು ಗಂಗಾಧರನಿಗೆ.

"ಸುಮಾ, ಈಗ ಇದೆಲ್ಲ ಯಾಕವ್ವ..."

"ಬಿಚ್ಚಂದೆ! ಪಾನಾ ನಿನ್ನ ಬೈಕಿನ್ಯಾಗ ಅದಾವ."

ಹಿರಿಯರಾದ ನಾಗೇಂದ್ರಪ್ಪ ತಡೆಯಲು ಬಂದರು. "ಮಣ್ಣಿಗೆ ಹೊಂಟಾಗ ರಿಪೇರಿ ಮಾಡ್ತಾರೇನವ್ವ? ಮಂದಿ ನಗ್ತಾರ."

"ನಾಕು ವರ್ಷ ನಕ್ಕಾರಲ್ರಿ ದೊಡ್ಡಪ್ಪ. ಇನ್ನೊಂದ್ ತಾಸು ನಗಲಿ."

ಚಹಾದಂಗಡಿಯ ಮಂಜಮ್ಮ ಕೊಡೆ ಹಿಡಿದು ಟ್ರೇಲರ್ ಹತ್ತಿದಳು. "ನೀವು ಮಾಡ್ಕೊಳ್ರಿ. ಮೇಸ್ತ್ರಿಗೆ ಬಿಸಿಲು ಹತ್ತದಂಗ ನಾ ನೋಡ್ಕೊಂತೀನಿ."

ಗಂಗಾಧರ್ ಬಾನೆಟ್ ಎತ್ತಿದ. ಕವರು ಕೈ ಸುಡುತ್ತಿತ್ತು. ಬಿಚ್ಚಿ ಮಗುಚಿದಾಗ ಒಳ ಅಂಚಿನ ಉದ್ದಕ್ಕೂ ಕೆಂಪು ಗಮ್ಮು ಎರೆಹುಳದಂತೆ ಜೋತಾಡುತ್ತಿತ್ತು. ಗವಿಸಿದ್ದೇಶ್ ಒಂದು ಚೂರನ್ನು ಕಿತ್ತು ಬೆರಳಲ್ಲಿ ಹೊಸೆದ.

"ಇದು ಉದುರಿ ಒಳಗ ಬಿದ್ರ?"

ಅಪ್ಪನ ಆಣೆ ಇತ್ತು. ಸುಮಲತಾ ಹಲ್ಲು ಕಚ್ಚಿ ಗಂಗಾಧರನನ್ನೇ ನೋಡಿದಳು.

"ನನ್ನ ಹಳೇ ಗಾಡ್ಯಾಗೂ ಇದ ಆಗಿತ್ತೇನಲೇ?" ಗವಿಸಿದ್ದೇಶ್ ಅವನತ್ತ ತಿರುಗಿದ.

ಗಂಗಾಧರ್ ಕವರಿನಿಂದ ಕಣ್ಣೆತ್ತಲಿಲ್ಲ. "ಹೂನ್ರಿ. ನನ್ನ ಕೈ. ಗುರುಗಳದಲ್ಲ."

ಗವಿಸಿದ್ದೇಶ್ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದ.

"ಹಾಕು, ಅಪ್ಪ ಕಲಿಸಿದಂಗ" ಎಂದಳು ಸುಮಲತಾ.

ಮಂಜಮ್ಮನ ಅಂಗಡಿಯಿಂದ ಹಳೆಯ ಕ್ಯಾಲೆಂಡರಿನ ರಟ್ಟು ಬಂತು. ಗಂಗಾಧರ್ ಬ್ಲೇಡಿನಿಂದ ಗಮ್ಮನ್ನೆಲ್ಲ ಕೆರೆದ, ಬಟ್ಟೆಯಿಂದ ಒರೆಸಿದ. ರಟ್ಟನ್ನು ಕವರಿನ ಬಾಯಿಗಿಟ್ಟು ಸುತ್ತಲೂ ಸುತ್ತಿಗೆಯಿಂದ ಮೆಲ್ಲಗೆ ಬಡಿದ. ಅಂಚಿನ ಅಚ್ಚಿಗೇ ಪ್ಯಾಕಿಂಗ್ ಕತ್ತರಿಸಿಕೊಂಡು ಬಂತು. ಎಣ್ಣೆ ಸವರಿ ಕೂರಿಸಿ, ಎದುರುಬದರು ಬೋಲ್ಟುಗಳನ್ನು ಒಂದೊಂದು ಸುತ್ತಷ್ಟೇ ಬಿಗಿಯುತ್ತ ಬಂದ. ಎಲ್ಲಿಯೂ ಅವಸರವಿಲ್ಲ, ಎಲ್ಲಿಯೂ ತಪ್ಪಿಲ್ಲ.

ಅದನ್ನು ನೋಡಿ ಅವಳ ಸಿಟ್ಟು ಇಮ್ಮಡಿಯಾಯಿತು.

"ಬರ್ತಿತ್ತಲ್ಲೋ ನಿನಗ!" ಎಂದು ಚೀರಿದಳು. "ಎಲ್ಲಾ ಬರ್ತಿತ್ತಲ್ಲೋ!"

ಇಂಜಿನ್ನು ಶುರುವಾಯಿತು. ಕವರಿನ ಸುತ್ತ ಒಂದು ಹನಿಯೂ ಮೂಡಲಿಲ್ಲ.

ಗುಂಡಿಯ ಬಳಿ ಎಲ್ಲರೂ ಸಾಲಾಗಿ ಹಿಡಿಮಣ್ಣು ಹಾಕಿದರು. ಗಂಗಾಧರನ ಸರದಿ ಬಂತು. ಅವನು ಬಗ್ಗಿ ಮಣ್ಣು ತುಂಬಿಕೊಂಡು ಗುಂಡಿಯ ಮೇಲೆ ಅಂಗೈ ಮಗುಚಿದ. ಎಣ್ಣೆಯ ಕೈ; ಅರ್ಧ ಮಣ್ಣು ಬೀಳಲೇ ಇಲ್ಲ. ಕೊಡವಿದ. ಮತ್ತೆ ಕೊಡವಿದ. ಹಿಂದಿನವರು ಕಾಯುತ್ತಿದ್ದರು. ಅವನು ಮಂಡಿಯೂರಿ, ಅಂಗೈಗೆ ಮೆತ್ತಿದ ಕಪ್ಪು ಮಣ್ಣನ್ನು ಉಗುರಿನಿಂದ ಕೆರೆಯತೊಡಗಿದ.