ಕೆಂಚಪ್ಪನಿಗೆ ಚಿಪ್ಪಿನಲ್ಲಿ ಕೊಟ್ಟ ನೀರು

ಹಂದನಕೆರೆಯ ಸುತ್ತ ಕೊಬ್ಬರಿ ಸುಲಿಯುವವರಲ್ಲಿ ಕರಿಯಣ್ಣ, ಕೆಂಚಪ್ಪ ಎತ್ತಿನ ಜೋಡಿಯಂತಿದ್ದರು. ಇಪ್ಪತ್ತು ವರ್ಷ ಒಂದೇ ಲೋಟದಲ್ಲಿ ನೀರು ಕುಡಿದವರು. ತನಗೆ ಎಚ್‌ಐವಿ ಇದೆಯೆಂದು ಕೆಂಚಪ್ಪ ಗೆಳೆಯನನ್ನು ನಂಬಿ ಹೇಳಿಕೊಂಡ ದಿನ ಕರಿಯಣ್ಣ ಲೋಟವನ್ನು ಬದಿಗಿಟ್ಟು, ಕಾಯಿಚಿಪ್ಪಿನಲ್ಲಿ ನೀರು ಕೊಟ್ಟ.

ಕೆಂಚಪ್ಪ ಚಿಪ್ಪನ್ನು ನೋಡಿದ, ಗೆಳೆಯನ ಮುಖ ನೋಡಿದ. “ಬತ್ತೀನಿ ಕಣ್ಲಾ” ಎಂದು ಎದ್ದು ಹೋದವನು ಮತ್ತೆ ಕೆಲಸಕ್ಕೆ ಬರಲಿಲ್ಲ. ಆಸ್ಪತ್ರೆಗೂ ಹೋಗಲಿಲ್ಲ, ಗುಳಿಗೆಯನ್ನೂ ಬಿಟ್ಟ. ವರ್ಷ ತುಂಬುವುದರೊಳಗೆ ಕ್ಷಯ ಹತ್ತಿ ತೀರಿಕೊಂಡ.

ಅಂದಿನಿಂದ ಕರಿಯಣ್ಣನಿಗೆ ಊಟ ಬೇಡ, ಕೆಲಸ ಬೇಡ. ಎರಡು ತಿಂಗಳ ಮೇಲೆ ಮನಸ್ಸು ತಡೆಯದೆ ಕೆಂಚಪ್ಪನ ಮನೆಗೆ ಹೋದ. ಕೆಂಚಪ್ಪನ ಹೆಂಡತಿ ಚಿಕ್ಕಗೌರಮ್ಮ ಗೋಡೆಗೊರಗಿ ಕೂತಿದ್ದಳು. ಪಕ್ಕದಲ್ಲಿ ಆಶಾ ಕಾರ್ಯಕರ್ತೆ ಮಧುಶ್ರೀ.

“ಆ ಕಾಯ್ಲೆ ನಂಗೂ ಐತೆ ಕಣಣ್ಣ” ಎಂದಳು ಚಿಕ್ಕಗೌರಮ್ಮ. “ಗುಳಿಗೆ ನುಂಗಿ ನುಂಗಿ ಸಾಕಾಯ್ತು. ಬುಟ್ಟು ಹದಿನೈದು ದಿನ ಆಯ್ತು. ಇನ್ಯಾರಿಗೋಸ್ಕರ ನುಂಗನ?”

“ಬುಡಬಾರ್ದು ಕಣಕ್ಕ” ಎಂದಳು ಮಧುಶ್ರೀ. “ದಿನಾ ತಪ್ಪದೆ ನುಂಗುದ್ರೆ ಎಲ್ರಂಗೆ ಬಾಳಿ ಬದುಕ್ಬೋದು. ಸರ್ಕಾರಿ ಆಸ್ಪತ್ರೇಲಿ ಪುಕ್ಕಟೆ ಕೊಡ್ತಾರೆ. ಸೋಮವಾರ ತಿಪಟೂರಿಗೆ ಹೋಗನ ಬಾ.”

ಕರಿಯಣ್ಣ ಬಾಗಿಲಲ್ಲೇ ನಿಂತು ಕೇಳಿದ: “ಒಂದೇ ಲೋಟದಲ್ಲಿ ನೀರು ಕುಡುದ್ರೆ ಅಂಟಲ್ವೇನವ್ವ?”

“ಇಲ್ಲ ದೊಡ್ಡಪ್ಪ. ಮುಟ್ಟುದ್ರೂ ಅಂಟಲ್ಲ, ಜೊತೇಲಿ ಉಂಡ್ರೂ ಅಂಟಲ್ಲ. ಅಂಟೋದು ರಕ್ತದಿಂದ, ಒಬ್ರಿಗೆ ಚುಚ್ಚಿದ ಸೂಜೀನ ಇನ್ನೊಬ್ರಿಗೆ ಚುಚ್ಚೋದ್ರಿಂದ, ನಿರೋಧ್ ಇಲ್ದೆ ಕೂಡೋದ್ರಿಂದ. ಗುಳಿಗೆ ತಗೊಳ್ದಿದ್ರೆ ತಾಯಿಯಿಂದ ಕೂಸಿಗೂ ಬರ್ಬೋದು.”

ಕರಿಯಣ್ಣ ಹೊಸಿಲ ಮೇಲೆ ಕುಸಿದ. “ಹಂಗಾದ್ರೆ ಸುಮ್‌ಸುಮ್ನೆ ಅವನ್ನ ದೂರ ಮಾಡ್ದೆ ಅನ್ನು” ಎಂದು ಟವಲ್ಲಿಗೆ ಮುಖ ಒತ್ತಿ ಅತ್ತ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅತ್ತು ಸುಸ್ತಾದ ಮೇಲೆ ಹೇಳಿದ: “ಗುಳಿಗೆ ತರಕ್ಕೆ ಸೋಮವಾರ ನಾನೂ ಬತ್ತೀನಿ ಕಣವ್ವ. ತಿಂಗಳು ತಿಂಗಳೂ ಬತ್ತೀನಿ.”

ಸೋಮವಾರ ಮೂವರೂ ತಿಪಟೂರಿನ ಬಸ್ಸು ಹತ್ತಿದರು. ಚಿಕ್ಕಗೌರಮ್ಮ ಆಸ್ಪತ್ರೆಯ ಜಗಲಿಯಲ್ಲೇ ಗುಳಿಗೆ ನುಂಗಿದಳು. ಆಮೇಲೆ ಮೆಲ್ಲಗೆ ಅಂದಳು: “ಅವರ ಜೊತೇಲೂ ಒಂದಿನ ಹಿಂಗೇ ಬಂದಿದ್ರೆ ಸಾಕಾಗಿತ್ತು ಕಣಣ್ಣ.”

ಕರಿಯಣ್ಣ ತಲೆ ತಗ್ಗಿಸಿದ.

ಅಣ್ಣಂದಿರೇ, ಅಕ್ಕಂದಿರೇ, ನಿಮಗೆ ಅಂಥ ಮಾತು ಕೇಳುವ ದಿನ ಬರದಿರಲಿ. ಅನುಮಾನವಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿ, ವಿಷಯ ಗುಟ್ಟಾಗಿಡುತ್ತಾರೆ. ಗುಳಿಗೆ ಶುರು ಮಾಡಿದವರು ಒಂದು ದಿನವೂ ಬಿಡಬೇಡಿ. ಕೇಳಬೇಕಾದ್ದು ಇದ್ದರೆ 1097ಕ್ಕೆ ಕರೆ ಮಾಡಿ. ಗೆಳೆಯನೊಬ್ಬ ನಂಬಿ ಹೇಳಿಕೊಂಡರೆ ಅವನ ಜೊತೆ ಆಸ್ಪತ್ರೆಗೆ ಹೋಗಿ. ಅವನು ಬದುಕಿರುವಾಗಲೇ ಹೋಗಿ.