ಹಲ್ಲಿನ ಡಾಕ್ಟರ ಕಾರು ಸುಮ್ಮನಾದದ್ದು

ಹಲ್ಲಿನ ಡಾಕ್ಟರ ಬಳಿ ಒಂದು ಹಳೆಯ ಕಾರಿತ್ತು. ಹೆಂಡತಿಯ ತಂದೆ, ಅಂದರೆ ಅವರ ಮಾವ, ಪ್ರೀತಿಯಿಂದ ಕೊಟ್ಟು ಹೋದದ್ದು. ಕೀಲಿ ತಿರುಗಿಸಿದರೆ ಸಾಕು, ಬಾನೆಟ್ಟಿನ ಒಳಗಿಂದ ಟಿಕ್ ಟಿಕ್ ಟಿಕ್ ಅಂತ ಒಂದೇ ಸಮನೆ ಸದ್ದು. ಒಳಗೆ ಯಾವುದೋ ಅಜ್ಜಿ ಕೂತು ಜಪಮಣಿ ಎಣಿಸುತ್ತಿದ್ದಾಳೇನೋ ಅನ್ನಿಸಬೇಕು, ಹಾಗೆ.

ಪೆಟ್ರೋಲಿಗೆ ಸೀಸ ಬೆರೆಸುವುದು ನಿಂತಾಗಿನಿಂದ ಡಾಕ್ಟರಿಗೆ ನೆಮ್ಮದಿ ಇರಲಿಲ್ಲ. ಗಾಳಿಗೆ ಒಳ್ಳೆಯದಾಯಿತು, ಮಕ್ಕಳ ಮೈಗೆ ಒಳ್ಳೆಯದಾಯಿತು, ಅದು ಅವರಿಗೂ ಗೊತ್ತು. ಆದರೆ ಈ ಇಂಜಿನ್ ಸೀಸ ತಿಂದೇ ಬೆಳೆದ ಜೀವ. ಅದಕ್ಕಾಗಿ ಟ್ಯಾಂಕು ತುಂಬಿಸಿದಾಗಲೆಲ್ಲ, ಸೀಸದ ಬದಲಿಗೆ ಹಾಕುವ ಔಷಧಿಯನ್ನು ಬಾಯಿ ಮುಕ್ಕಳಿಸುವ ಪುಟ್ಟ ಲೋಟದಲ್ಲಿ ಅಳೆದು ಸುರಿಯುತ್ತಿದ್ದರು. "ನುಂಗು ತಾಯಿ, ಕಹಿ ಇಲ್ಲ" ಅನ್ನುತ್ತಿದ್ದರು. ಬರಬರುತ್ತಾ ಅರ್ಧ ಲೋಟಕ್ಕಿಳಿಸಿದರು. ಔಷಧಿಗೆ ದೇಹ ಒಗ್ಗಿಕೊಳ್ಳಬಾರದಂತೆ.

ಅವರ ಷಡ್ಡಕನ ಮನೆ ಗುಡ್ಡದ ತುದಿಯಲ್ಲಿ. ಹೆಂಡತಿಯ ಅಕ್ಕನ ಗಂಡ ಆತ, ಜೊತೆಗೆ ದೊಡ್ಡ ಬಾಯಿ. ಒಂದು ದಿನ ನೆಂಟರ ಮನೆಯಲ್ಲಿ ಊಟಕ್ಕೆ ಕೂತಾಗ ಕೆಣಕಿಯೇಬಿಟ್ಟ. "ಏನ್ ಡಾಕ್ಟ್ರೇ, ಈ ಭಾನುವಾರ ನಿಮ್ಮ ಅಜ್ಜಿ ನಮ್ಮ ಗೇಟಿನವರೆಗೂ ಹತ್ತುತ್ತಾಳಾ, ಇಲ್ಲ ನಾವೇ ಕೆಳಗೆ ಬಂದು ತಳ್ಳಬೇಕಾ?"

"ತಾನಾಗೇ ಹತ್ತುತ್ತೆ!"

"ಹತ್ತದಿದ್ರೆ?"

"ಗುಜರಿಗೆ ಹಾಕ್ತೀನಿ, ಹೋಗಿ!"

ಮಾತು ಬಾಯಿಂದ ಜಾರಿತು. ಅಪ್ಪನ ಕಾರನ್ನು ಗುಜರಿಗೆ ಹಾಕುವ ಮಾತು ಕೇಳಿದ ಹೆಂಡತಿ ಎಲೆ ಬಿಟ್ಟು ಎದ್ದಳು. ಮನೆಗೆ ಬಂದು ಬೀರುವಿನ ಬಾಗಿಲನ್ನು ಧಡಾರನೆ ಮುಚ್ಚಿದಳು. ಡಾಕ್ಟರಿಗೆ ಅರ್ಥವಾಯಿತು.

ಮರುದಿನ ಬೆಳಿಗ್ಗೆ ಪವಾಡ! ಕೀಲಿ ತಿರುಗಿಸಿದರೆ ಟಿಕ್ ಟಿಕ್ ಇಲ್ಲ. ಇಂಜಿನ್ ಮೌನವ್ರತ ಹಿಡಿದ ಹಾಗೆ ತಣ್ಣಗೆ ಓಡುತ್ತಿತ್ತು. "ನೋಡಿದ್ಯಾ, ಔಷಧಿ ಹಿಡೀತು!" ಎಂದು ಡಾಕ್ಟರು ಹೆಂಡತಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಹೊಗಳಿಸಿಕೊಳ್ಳುವ ಆಸೆಯಿಂದ ನೇರ ಗ್ಯಾರೇಜಿಗೆ ಹೋದರು.

ಗ್ಯಾರೇಜಿನ ಮೇಸ್ತ್ರಿ ಬಾನೆಟ್ಟಿಗೆ ಕಿವಿ ಕೊಟ್ಟ. ಅವನ ಮುಖ ಸಣ್ಣಗಾಯಿತು.

"ಸದ್ದು ನಿಂತು ಎಷ್ಟು ದಿನ ಆಯ್ತು ಡಾಕ್ಟ್ರೇ?"

ಈ ಪ್ರಶ್ನೆಯ ರಾಗ ಡಾಕ್ಟರಿಗೆ ಪರಿಚಿತ. ದಿನಾ ತಾವೇ ರೋಗಿಗಳನ್ನು ಕೇಳುವ ರಾಗ. "ಇವತ್ತೇ ಬೆಳಿಗ್ಗೆ" ಅಂದರು.

"ಒಳಗೆ ವಾಲ್ವು ಅಂತ ಬಾಗಿಲಿದೆ," ಎಂದ ಮೇಸ್ತ್ರಿ. "ಅದು ಬಡಿಯೋ ಹೊಸಿಲೇ ಸೀಟು. ಮೊದಲು ಸೀಸ ಆ ಹೊಸಿಲ ಮೇಲೆ ತೆಳ್ಳಗೆ ಪದರ ಕಟ್ತಿತ್ತು. ಈಗ ಕಾದ ವಾಲ್ವು ಬರೀ ಕಬ್ಬಿಣಕ್ಕೆ ಬಡಿದು, ಕಚ್ಕೊಂಡು, ಎದ್ದಾಗಲೆಲ್ಲ ಚೂರು ಕಿತ್ಕೊಂಡು ಬರುತ್ತೆ. ಹೊಸಿಲು ಸವೆದು ವಾಲ್ವು ಅದರೊಳಕ್ಕೆ ಇಳೀತಾ ಹೋಗುತ್ತೆ. ಇಳಿದ ಹಾಗೆ ವಾಲ್ವಿಗೂ ಅದನ್ನ ತಳ್ಳೋ ಟ್ಯಾಪೆಟ್ಟಿಗೂ ನಡುವಿನ ಸಂದಿ ಮುಚ್ಚುತ್ತೆ. ಟಿಕ್ ಟಿಕ್ ಅಂತಿದ್ದದ್ದು ಆ ಸಂದೀನೇ. ಇನ್ನು ಬಾಗಿಲು ಪೂರ್ತಿ ಮುಚ್ಚಲ್ಲ. ಏರಿನಲ್ಲಿ ಉಸಿರು ಸೋರಿ ನಿಂತುಬಿಡುತ್ತೆ. ಇಂಜಿನ್ನಿನ ತಲೆಭಾಗ, ಈ ಹೆಡ್ಡು, ಬಿಚ್ಚಬೇಕು, ಗಟ್ಟಿ ಉಕ್ಕಿನ ಸೀಟು ಕೂರಿಸಬೇಕು."

ಊರಿನವರ ಬಾಯಿಗೆಲ್ಲ ಕೈ ಹಾಕಿದ ಮನುಷ್ಯ ಡಾಕ್ಟರು. ಬಿಚ್ಚುವ ಮಾತು ಕೇಳಿದ್ದೇ ಬಾನೆಟ್ಟಿಗೆ ಅಡ್ಡ ನಿಂತುಬಿಟ್ಟರು. "ಸದ್ದಿಲ್ಲ, ತೊಂದರೆ ಇಲ್ಲ, ಸುಮ್ಮನೆ ಯಾಕೆ ಬಿಚ್ಚೋದು? ಇನ್ನೊಂದು ವಾರ ನೋಡೋಣ."

ಇದನ್ನು ಹೇಳುವಾಗಲೇ ಒಂದು ವಿಷಯ ಅವರ ಕಣ್ಣಿಗೆ ಬಿತ್ತು. ಮೇಸ್ತ್ರಿ ಬಿಸ್ಕತ್ತನ್ನು ಒಂದೇ ದವಡೆಯಲ್ಲಿ ಅಗಿಯುತ್ತಿದ್ದ.

"ಅಲ್ಲ ಮೇಸ್ತ್ರಿ, ನಿನ್ನ ಹಲ್ಲು? ಹೋದ ತಿಂಗಳು ಗೋಡೆಗೆ ತಲೆ ಚಚ್ಕೊಳ್ತಿದ್ದೆ. ಆಮೇಲೆ ಬರಲೇ ಇಲ್ಲ?"

"ಅದಾ? ದೇವರ ದಯೆ, ತಾನಾಗೇ ನಿಂತುಹೋಯ್ತು."

ಈಗ ಡಾಕ್ಟರ ಮುಖ ಸಣ್ಣಗಾಯಿತು. "ತಾನಾಗೇ ನಿಂತಿತಾ? ಲೇ, ಒಳಗೆ ನರ ಸತ್ತಿದೆಯೋ! ಬೇರಿನಲ್ಲಿ ಕೀವು ಕೂತಿರುತ್ತೆ. ಬಾ, ಬಿಚ್ಚಿ ನೋಡೋಣ."

"ನೋವಿಲ್ಲ, ತೊಂದರೆ ಇಲ್ಲ, ಸುಮ್ಮನೆ ಯಾಕೆ ಬಿಚ್ಚೋದು?" ಎಂದ ಮೇಸ್ತ್ರಿ. "ಇನ್ನೊಂದು ವಾರ ನೋಡೋಣ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತರು. ದೇವರು ಧೈರ್ಯ ಹಂಚುವಾಗ ಎಲ್ಲರಿಗೂ ಸಮನಾಗಿಯೇ ಹಂಚುತ್ತಾನೆ. ಆದರೆ ಅದನ್ನೆಲ್ಲ ಪಕ್ಕದವನ ಸಂಕಟಕ್ಕೆ ಖರ್ಚು ಮಾಡಿಬಿಟ್ಟು, ನಮ್ಮ ಸರದಿ ಬಂದಾಗ ಬರಿಗೈಯಲ್ಲಿ ನಿಂತಿರುತ್ತೇವೆ.

"ಮೊದಲು ನಿಮ್ಮ ಕಾರು."

"ಮೊದಲು ನಿನ್ನ ಹಲ್ಲು."

"ಮೊದಲು ಕಾರು ಅಂದ್ನಲ್ಲ!"

ಹಿಂದಿನ ಸೀಟಿನ ಕಿಟಕಿ ಇಳಿಯಿತು. ಹೆಂಡತಿಯ ತಲೆ ಹೊರಬಂತು. "ರೀ, ನಾಚಿಕೆ ಆಗಲ್ವಾ? ಭಾನುವಾರ ಈ ಕಾರು ಭಾವನ ಗೇಟಿಗೆ ಹತ್ತದಿದ್ರೆ ಗುಜರಿಗೆ ಹೋಗೋದು ಇದೊಂದೇ ಅಲ್ಲ, ನೆನಪಿರಲಿ. ಮೇಸ್ತ್ರಿ, ನೀನೂ ಅಷ್ಟೇ. ನಡೀರಿ ಇಬ್ಬರೂ!"

ಮೊದಲು ಮೇಸ್ತ್ರಿಯ ಸರದಿ. ಡಾಕ್ಟರ ಕುರ್ಚಿಯಲ್ಲಿ ಸ್ಪ್ಯಾನರನ್ನು ಎದೆಗವಚಿಕೊಂಡು ಮಲಗಿದ. "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ" ಅಂದರು ಡಾಕ್ಟರು. "ಆ... ಆ..." ಅಂದ ಮೇಸ್ತ್ರಿ. ಹೆಂಡತಿ ಟಾರ್ಚು ಹಿಡಿದಳು. ಹಲ್ಲನ್ನು ಕೊರೆದು ಕೀವು ಬಸಿದು ಮುಗಿಸಿದಾಗ ಸ್ಪ್ಯಾನರಿನ ಅಚ್ಚು ಮೇಸ್ತ್ರಿಯ ಅಂಗೈಯಲ್ಲಿ ಮೂಡಿತ್ತು.

ಆಮೇಲೆ ಗ್ಯಾರೇಜು. ಅರ್ಧ ಮುಖ ಮರಗಟ್ಟಿದ ಮೇಸ್ತ್ರಿ ಹೆಡ್ಡಿನ ನಟ್ಟುಗಳನ್ನು ಸಡಿಲಿಸುತ್ತಾ ಸೇಡು ತೀರಿಸಿಕೊಂಡ. "ಏನೂ ಆಗಲ್ಲ ಡಾಕ್ಟ್ರೇ, ಇರುವೆ ಕಚ್ಚಿದ ಹಾಗೆ." ಡಾಕ್ಟರು ಕಣ್ಣು ಮುಚ್ಚಿ ಗೋಡೆ ಹಿಡಿದಿದ್ದರು. ಹೆಂಡತಿ ಟಾರ್ಚು ಹಿಡಿದಳು.

ಹೆಡ್ಡು ಮೇಲೆದ್ದು ಬಂತು. ಕೊನೆಗೆ ಕುತೂಹಲವೇ ಗೆದ್ದಿತು, ಡಾಕ್ಟರು ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. ಜೇಬಿನಿಂದ ಬಾಯಿ ನೋಡುವ ಪುಟ್ಟ ಕನ್ನಡಿ ತೆಗೆದು ಒಳಗೆ ತೂರಿಸಿಯೇಬಿಟ್ಟರು.

"ಅಯ್ಯೋ! ನಾಲ್ಕನೇದು ಒಸಡಿನೊಳಗೆ ಪೂರ್ತಿ ಇಳಿದಿದೆ! ಎಷ್ಟು ಸಹಿಸಿಕೊಂಡಿದ್ದೆ ತಾಯಿ! ಮೇಸ್ತ್ರಿ, ಕೆರೆದು ಉಕ್ಕಿನ ಸೀಟು ಕೂರಿಸು. ಪಕ್ಕದ್ದೂ ಬಿಡಬೇಡ!"

"ಇಷ್ಟು ಹೊತ್ತಿಂದ ಅದನ್ನೇ ಹೇಳ್ತಿದೀನಿ" ಅಂದ ಮೇಸ್ತ್ರಿ, ಅರ್ಧ ಬಾಯಲ್ಲಿ.

ಹೆಡ್ಡು ಲೇತಿನ ಅಂಗಡಿಗೆ ಹೋಗಿ, ಗಟ್ಟಿ ಸೀಟು ಕೂರಿಸಿಕೊಂಡು ಬಂತು. ಮೇಸ್ತ್ರಿ ಟ್ಯಾಪೆಟ್ಟಿನ ಸಂದಿ ಸರಿಮಾಡಿ ಕೀಲಿ ತಿರುಗಿಸಿದ. ಟಿಕ್ ಟಿಕ್ ಟಿಕ್. ಅಜ್ಜಿ ಮತ್ತೆ ಜಪಕ್ಕೆ ಕೂತಿದ್ದಳು. ಡಾಕ್ಟರ ಕಣ್ಣು ಒದ್ದೆಯಾಯಿತು.

ಭಾನುವಾರ ಕಾರು ಗುಡ್ಡ ಹತ್ತಿತು. ಒಂದು ತಿರುವಿನಲ್ಲೂ ಉಸಿರುಗಟ್ಟಲಿಲ್ಲ. ಗೇಟಿನಲ್ಲಿ ಹಗ್ಗ ಹಿಡಿದು ಕಾಯುತ್ತಿದ್ದ ಷಡ್ಡಕ ಪೆಚ್ಚಾದ. ಹಗ್ಗವನ್ನು ಬೆನ್ನ ಹಿಂದೆ ಅಡಗಿಸಿ, "ಬಂದಿದೆ ನಿಜ, ಆದ್ರೆ ಏನ್ರೀ ಇದು, ಇಷ್ಟು ಸದ್ದು!" ಅಂದ.

"ಸದ್ದಿದ್ರೆ ಆರೋಗ್ಯ ಅಂತ ಅರ್ಥ" ಎಂದರು ಡಾಕ್ಟರು ಗಂಭೀರವಾಗಿ.

"ಕೇಳಿದ್ಯಾ ಅಕ್ಕ?" ಎಂದಳು ಹೆಂಡತಿ, ಗೇಟಿಗೆ ಬಂದ ಅಕ್ಕನತ್ತ ತಿರುಗಿ. "ಇಷ್ಟು ವರ್ಷ ಇವರು ಗೊಣಗ್ತಾರೆ ಅಂತ ನಾನು ಬೈತಿದ್ದೆ. ಇನ್ನು ಗೊಣಗೋದು ನಿಂತ ದಿನ ಹೆದರಬೇಕು."

ಡಾಕ್ಟರು ಹೆಮ್ಮೆಯಿಂದ ಬಾನೆಟ್ಟಿನ ಮೇಲೆ ಅಂಗೈಯಿಟ್ಟು ತಟ್ಟಿದರು. ಗುಡ್ಡ ಹತ್ತಿ ಬಂದ ಬಾನೆಟ್ಟು, ಕಾದ ಕಾವಲಿಯಂತಿತ್ತು.

"ಅಯ್ಯಯ್ಯೋ! ಸತ್ತೆ! ನೀರು, ನೀರು!"

"ಸದ್ಯ," ಎಂದು ಹೆಂಡತಿ ಕೈಚೀಲ ಎತ್ತಿಕೊಂಡು ಒಳಗೆ ನಡೆದಳು, "ಇವರೂ ಚೆನ್ನಾಗೇ ಇದ್ದಾರೆ."